ತಿಪ್ಪಮ್ಮನ ಹೆಸರು, ಗುರುಲಿಂಗಪ್ಪನ ಎಮ್ಮೆ

ಠಣ್ ಎಂದು ಒಂದು ಸಲ. ಮೂರು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಠಣ್. ಆ ನಡುವಿನಲ್ಲಿ ಎತ್ತೊಂದು ಫರಸಿಕಲ್ಲಿನ ಮೇಲೆ ಒಂದೊಂದೇ ಗೊರಸು ಊರುತ್ತ ಬರುವ ಸದ್ದು. ನಮ್ಮ ಕುರಕುಂಟಾದ ಓಣಿಗೆ ಶಹಾಬಾದಿನ ಫರಸಿ ಹಾಸಿದ್ದರಿಂದ ಗಂಟೆಗಿಂತ ಮೊದಲು ಗೊರಸೇ ಮನೆಯೊಳಗೆ ಬರುತ್ತಿತ್ತು. ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ ಶರಣಮ್ಮ, ಆ ಸದ್ದು ಕೇಳಿದ ಕೂಡಲೇ ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಡುಹಗಲಲ್ಲಿ, ಬೇರೆಯವರೆಲ್ಲ ಬಾಗಿಲು ತೆರೆದು ಹೊರಗೆ ಬರುವ ಹೊತ್ತಿನಲ್ಲಿ.

ಹೆಳವ ಬಂದ ಸದ್ದು ಅದು. ಈಗಿನವರಿಗೆ ಹೇಳಬೇಕಾದೀತು. ಹೆಳವರೆಂದರೆ ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಮನೆಯ ಮುಂದೆ ನಿಂತು, ಆ ಮನೆಯ ವಂಶವನ್ನು ಬಾಯಿಪಾಠವಾಗಿ ಹೇಳುವವರು. ಯಾರ ಮಗ ಯಾರು, ಯಾವ ಊರಿಂದ ಬಂದರು, ಯಾವ ಹೆಣ್ಣು ತಂದರು, ಎಲ್ಲ. ನಮ್ಮ ಕಡೆ ಮೂರು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಎತ್ತಿನಿಂದ ಇಳಿಯುತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ಮನೆಯ ಯಜಮಾನ ಮೊರದ ತುಂಬ ಜೋಳ ತಂದು ಹೆಳವನ ಜೋಳಿಗೆಗೆ ಸುರಿಯಬೇಕು. ಸುರಿದರೆ ಅವನು ಹೇಳಿದ್ದನ್ನೆಲ್ಲ ಒಪ್ಪಿದಂತೆ. ಸುರಿಯದಿದ್ದರೆ ಹೆಳವ ಆ ಮನೆಯನ್ನು ಬಿಟ್ಟ. ಹೆಳವ ಬಿಟ್ಟ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಅಲ್ಲಿಂದ ಹೆಣ್ಣು ತರುವವರೂ ಇಲ್ಲ. ಆ ಮೊರವನ್ನು ನೆನಪಿನಲ್ಲಿಡಿ.

ಹೋದ ವಾರ ಕೊರಿಯರಿನಲ್ಲಿ ನನಗೊಂದು ಪುಸ್ತಕ ಬಂತು. ಗ್ಲಾಸಿ ಕವರ್. ಕುರಕುಂಟಾದ ದೊಡ್ಡ ಮನೆಯವರು, ಈಗ ಕಲಬುರಗಿಯಲ್ಲಿ ಬಂಗಲೆ ಕಟ್ಟಿದವರು, ವಾಸ್ತುಶಾಂತಿಗೆಂದು ತಮ್ಮ ಮನೆತನದ ಇತಿಹಾಸ ಅಚ್ಚು ಹಾಕಿಸಿ ಹಂಚಿದ್ದಾರೆ. ಒಳಗೆ ಕಲರಿನಲ್ಲಿ ಒಂದು ಫ್ಯಾಮಿಲಿ ಟ್ರೀ. ಕೊಂಬೆಕೊಂಬೆಗೂ ಗಂಡಸರು. ಎಡಗಡೆಯ ಒಂದು ಸಣ್ಣ ಒಣಕೊಂಬೆಯ ತುದಿಯಲ್ಲಿ ಬರೆದಿದೆ: ತಿಪ್ಪಮ್ಮ, ನಿಸ್ಸಂತಾನ.

ಭೂತಗನ್ನಡಿ ಹಿಡಿದು ಮೂರು ಸಲ ಓದಿದೆ. ನಾನು ಆ ನಿಸ್ಸಂತಾನ ತಿಪ್ಪಮ್ಮನ ಮೊಮ್ಮಗಳ ಮೊಮ್ಮಗಳು. ತೊಂಬತ್ತರ ಹತ್ತಿರ ಬಂದಿದ್ದೇನೆ, ಎರಡೂ ಮೊಣಕಾಲು ಹೋಗಿವೆ, ಆದರೆ ಇದ್ದೇನೆ, ಥ್ಯಾಂಕ್ ಯೂ. ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿದೆ. ಆ ಟ್ರೀಯಲ್ಲಿ ಗುರುಲಿಂಗಪ್ಪನ ಹೆಸರಿನ ಮುಂದಿದ್ದ ಎಮ್ಮೆಯನ್ನೂ ತೆಗೆದುಹಾಕಿದ್ದಾರೆ. ನಮ್ಮ ಆಯಿ ಅಷ್ಟು ಕಷ್ಟಪಟ್ಟು ಕಟ್ಟಿದ ಎಮ್ಮೆ ಅದು. ಅದಕ್ಕೇ ಈ ಬರಹ.

ಹೈದರಾಬಾದು ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ನಿಗೆ ಎರಡು ವರ್ಷ ಮೊದಲಿನ ಮಾತು. ನಮ್ಮದಿನ್ನೂ ನಿಜಾಮರ ಸೀಮೆ. ನನ್ನ ತಂದೆ ವಾಡಿ ಸ್ಟೇಷನ್ನಿನಲ್ಲಿ ರೈಲ್ವೆ ಗುಮಾಸ್ತರು. ಅವರಿಗೆ ಇಂಗ್ಲಿಷಿನ ಹುಚ್ಚು. ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು. ಆ ವರ್ಷ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಬಂದು, ಬದುಕಿದೆನಾದರೂ ತಲೆಯ ಕೂದಲೆಲ್ಲ ಉದುರಿತು. ಒಂದು ವರ್ಷ ಓದು ಬೇಡ, ಹಳ್ಳಿಯ ಗಾಳಿ ಬೇಕು ಅಂದರು ಡಾಕ್ಟರು. ಹೀಗೆ ಹದಿಮೂರನೆಯ ವಯಸ್ಸಿನಲ್ಲಿ, ಬೋಳುತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು, ಟ್ರಂಕಿನಲ್ಲಿ ನಾಲ್ಕು ಎಕ್ಸರ್‌ಸೈಜ್ ಬುಕ್ ಇಟ್ಟುಕೊಂಡು, ನಾನು ಕುರಕುಂಟಾದಲ್ಲಿ ಆಯಿಯ ಮನೆಗೆ ಬಂದೆ.

ಆಯಿಯದು ಎರಡು ಅಂಕಣದ ಮನೆ. ಶಹಾಬಾದಿಗೆ ಕೊಟ್ಟಿದ್ದರಂತೆ ಅವಳನ್ನು. ಗಂಡ ಕಲ್ಲಿನ ಖಣಿಯಲ್ಲಿ ತೀರಿಕೊಂಡ ಮೇಲೆ ನನ್ನ ತಂದೆಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಿಯ ಊರಿಗೆ ಮರಳಿದವಳು. ಮನೆಯೆದುರಿಗೆ, ಓಣಿಯ ಆ ಕಡೆ, ದೊಡ್ಡ ಮನೆ. ಹನ್ನೆರಡು ಅಂಕಣ, ಮೂರು ಬಾವಿ. ಅದರ ಯಜಮಾನ ಬಸವಂತರಾಯ. ಎತ್ತರದ ಆಳು, ರುಮಾಲು ಸುತ್ತಿದರೆ ಇನ್ನೂ ಎತ್ತರ. ಆಯಿ ಅವನನ್ನು ‘ಅಣ್ಣಾ’ ಅನ್ನುತ್ತಿದ್ದಳು. ಅವನು ತಿರುಗಿ ‘ತಂಗಿ’ ಎಂದದ್ದನ್ನು ನಾನು ಕೇಳಿರಲಿಲ್ಲ.

ದೀಪಾವಳಿ ಕಳೆದು ದೊಡ್ಡ ಮನೆಯಲ್ಲಿ ಊಟವಿತ್ತು. ಮನೆತನದ ಹೆಣ್ಣುಮಕ್ಕಳಿಗೆ ಒಳಗೆ ಪಂಕ್ತಿ, ಉಳಿದವರಿಗೆ ಹೊರಗಿನ ಪಡಸಾಲೆಯಲ್ಲಿ. ಬಸವಂತರಾಯನ ಮಗಳು ಕಮಲಾ ನನ್ನ ಜೋಡಿಯವಳು. ಹುಣಸೆಹಣ್ಣು ಹಂಚಿಕೊಂಡು ತಿನ್ನುವಷ್ಟು ಸ್ನೇಹ. ನಾನು ಅವಳ ಪಕ್ಕ ಒಳಗೆ ಹೋಗಿ ಕೂತೆ. ಅವಳ ತಾಯಿ ಬಂದು ನನ್ನ ಮುಂದಿನ ತಾಟನ್ನು ಎತ್ತಿಕೊಂಡಳು.

“ಏಳವ್ವಾ ತಂಗಿ. ಇದು ಮನಿ ಹೆಣ್ಮಕ್ಕಳ ಪಂಕ್ತಿ. ಸಿಕ್ಕ ಕೂಸಿನ ಕಡಿಯವ್ರು ಹೊರಗ ಕುಂದರ್ತಾರ.”

“ಸಿಕ್ಕ ಕೂಸು ಅಂದರೆ ಯಾರು ಆಂಟಿ?” ಎಂದೆ ನಾನು, ಕಾನ್ವೆಂಟಿನ ಧೈರ್ಯದಲ್ಲಿ.

“ನಿಮ್ಮಾಯಿನ್ನ ಕೇಳು,” ಎಂದು ನಕ್ಕಳು. ಪಂಕ್ತಿಯಲ್ಲಿದ್ದವರೂ ನಕ್ಕರು. ಹೊರಗಿನಿಂದ ಆಯಿ ಬಂದು ನನ್ನ ಕೈ ಹಿಡಿದಳು, ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿದಳು. ಅಷ್ಟು ಜೋರಾಗಿ ರೊಟ್ಟಿ ಬಡಿದದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಬಡಿಯುತ್ತಲೇ ಹೇಳಿದಳು. ತಿಪ್ಪಮ್ಮ ಆಯಿಯ ತಾಯಿಯ ತಾಯಿ. ದೊಡ್ಡ ಮನೆಯ ಹಿರಿಯ ಸೊಸೆ. ಗಂಡ ವಾಂತಿಭೇದಿಯಲ್ಲಿ ಹೋದ. ಆಮೇಲೆ ಬಂದದ್ದು ಆ ದೊಡ್ಡ ಬರ. ಬರ ಕಳೆದ ನಾಲ್ಕನೆಯ ವರ್ಷಕ್ಕೆ ಅವಳೂ ತೀರಿಕೊಂಡಳು. ಹತ್ತು ವರ್ಷದ ಮಗಳು ಈರಮ್ಮ ಉಳಿದಳು. ತಿಪ್ಪಮ್ಮನ ಮೈದುನ ಗುರುಲಿಂಗಪ್ಪ, ಅಂದರೆ ಈ ಬಸವಂತರಾಯನ ಅಜ್ಜ, ಊರಿಗೆಲ್ಲ ಹೇಳಿದ: ಅತ್ತಿಗೆಗೆ ಮಕ್ಕಳೇ ಆಗಿಲ್ಲ, ಈ ಹುಡುಗಿ ಬರದಲ್ಲಿ ಹಾದಿಯ ಮೇಲೆ ಸಿಕ್ಕ ಕೂಸು. ಅಣ್ಣನ ಪಾಲಿನ ಹೊಲ ತಾನಿಟ್ಟುಕೊಂಡು, ಈರಮ್ಮನನ್ನು ಊರೊಳಗೇ ಒಬ್ಬ ಬಡವನಿಗೆ ಕೊಟ್ಟು ಕೈತೊಳೆದುಕೊಂಡ. ಅವನ ಮಾತು ನಿಂತದ್ದು ಹೇಗೆ? ಮುಂದಿನ ಸುಗ್ಗಿಗೆ ಬಂದ ಹೆಳವನೂ ಹಾಗೆಯೇ ಹೇಳಿದ: “ತಿಪ್ಪಮ್ಮ, ಮಕ್ಕಳಿಲ್ಲದೆ ತೀರಿದಳು.” ಹೆಳವ ಹೇಳಿದ ಮೇಲೆ ಮುಗಿಯಿತು.

“ನನಗೀಗ ಅರವತ್ತಾತು,” ಎಂದಳು ಆಯಿ. “ಮೂರ ವರ್ಷಕ್ಕೊಮ್ಮೆ ಎದುರಿಗೆ ನಿಂತು ಹೇಳ್ತಾನ, ನಮ್ಮವ್ವ ಹುಟ್ಟೇ ಇಲ್ಲಂತ. ಅಂದಮ್ಯಾಲ ನಾ ಎಲ್ಲಿಂದ ಬಂದೆ? ಒಂದ್ ಸಲಾನೂ ಅಂವಗ ಒಂದ್ ಹಿಡಿ ಜೋಳ ಹಾಕಿಲ್ಲ ನಾ. ಇಲ್ಲದಾಕಿ ಹ್ಯಾಂಗ ಹಾಕ್ಲಿ?”

ನಾನು ನಮ್ಮ ಸಿಸ್ಟರ್ ಕಲಿಸಿದ್ದನ್ನು ಹೇಳಿದೆ. ಒಂದು ಕೆನ್ನೆಗೆ ಹೊಡೆದವರಿಗೆ ಇನ್ನೊಂದು ಕೆನ್ನೆ ಕೊಡಬೇಕಂತೆ.

“ನಮ್ಮವ್ವಗೊಂದು, ನನಗೊಂದು, ಇವತ್ತ ನಿನಗೊಂದು ಹೊಡದಾರ. ಇನ್ನ ಯಾರ ಗಲ್ಲ ತರ್ಲಿ? ಕೇಳಿ ಬಾ ನಿಮ್ಮ ಸಿಸ್ಟರಮ್ಮಗ.”

ಮರುದಿನ ನಾನು ಹೊಸ ಎಕ್ಸರ್‌ಸೈಜ್ ಬುಕ್ ತೆಗೆದೆ. ಸಂತರ ಜೀವನಚರಿತ್ರೆ ಬರೆಯಲು ಕಾನ್ವೆಂಟಿನಲ್ಲಿ ಒಂದು ಕ್ರಮ ಕಲಿಸಿದ್ದರು: ಜನನ, ಬಾಲ್ಯ, ಸದ್ಗುಣ, ಪವಾಡ, ಮರಣ. ಅವನ್ನೇ ಇಂಗ್ಲಿಷಿನಲ್ಲಿ ಹೆಡಿಂಗ್ ಹಾಕಿ, ಮೇಲೆ ‘ದಿ ಲೈಫ್ ಆಫ್ ತಿಪ್ಪಮ್ಮ’ ಎಂದು ಬರೆದೆ. ಆಯಿ ತೊಗರಿ ಆರಿಸುತ್ತ ಕೂತಿದ್ದಳು.

“ಎಲ್ಲಿ ಹುಟ್ಟಿದಳು?”

“ಚಿಂಚೋಳಿ ಕಡಿ ಒಂದ್ ಹಳ್ಳಿ. ಅವರ ಪೈಕಿ ಯಾರೂ ಉಳದಿಲ್ಲ ಈಗ.”

“ಮಗಳು ಈರಮ್ಮ ಎಲ್ಲಿ ಹುಟ್ಟಿದಳು?”

“ತವರಿನಾಗ. ಮತ್ತೆಲ್ಲಿ? ಚೊಚ್ಚಲ ಬಾಣಂತನ ತವರಿನಾಗೇ…”

ಅವಳ ಕೈ ತೊಗರಿಯಲ್ಲೇ ನಿಂತಿತು. ನನ್ನ ಮುಖ ನೋಡಿದಳು, ನನ್ನ ಮುಖದ ಹಿಂದಿನ ಗೋಡೆಯನ್ನು ನೋಡಿದಳು. ಆಮೇಲೆ ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ.

“ಯವ್ವಾ, ತವರಿಗೂ ಹೆಳವ ಇರ್ತಾನ! ಆ ಮನಿ ಹೆಳವ ಬ್ಯಾರೆ, ಈ ಮನಿ ಹೆಳವ ಬ್ಯಾರೆ. ಈ ಗಂಡಸ್ರು ತಮ್ಮ ಹೆಳವನ ಬಾಯಿ ಕಟ್ಟಿದ್ರು. ತಿಪ್ಪಮ್ಮಗ ಒಂದ್ ತವರಿತ್ತು ಅನ್ನೂದು ಒಬ್ಬಂವಗೂ ನೆನಪಾಗ್ಲಿಲ್ಲ ನೋಡು!”

ನಿಜ. ಎಷ್ಟೇ ಜಾಣ ಗಂಡಸಾದರೂ, ಸೊಸೆ ತನ್ನ ಹೊಸ್ತಿಲಲ್ಲೇ ಹುಟ್ಟಿದವಳು ಅಂದುಕೊಂಡಿರುತ್ತಾನೆ.

ಸಂಕ್ರಮಣ ಕಳೆದ ಮೇಲೆ ಹೊರಟೆವು. ಓಣಿಯ ತುದಿಯಲ್ಲಿದ್ದ ಮಹಬೂಬ್ ಚಾಚಾನ ಕಮಾನು ಗಾಡಿ. ಚಾಚಾ ಆಯಿಗಿಂತ ಎರಡು ವರ್ಷ ಸಣ್ಣವನು. ಅವಳನ್ನು ‘ಆಪಾ’ ಅನ್ನುತ್ತಿದ್ದ. ಎಲ್ಲಿಗೆ, ಯಾಕೆ ಎಂದು ಕೇಳಿದ. ಆಯಿ ಎಲ್ಲ ಹೇಳಿದಳು. ಅವನು ಗಡ್ಡ ನೀವಿಕೊಂಡು, “ಬಸವಂತರಾಯಗ ಗೊತ್ತಾದ್ರ ನನ್ನ ಗಾಡಿ ಗಾಲಿ ಮುರಿಸ್ತಾನ ಆಪಾ,” ಅಂದ. ಅನ್ನುತ್ತಲೇ ಎತ್ತುಗಳಿಗೆ ನೊಗ ಹೂಡಿ, “ಜಲ್ದಿ ಹತ್ತು, ಬಿಸಿಲ ಏರ್ತದ,” ಎಂದ.

ಹೊಲಗಳಲ್ಲಿ ತೊಗರಿ ಕೊಯ್ದಾಗಿತ್ತು, ಕಪ್ಪುನೆಲದಲ್ಲಿ ಜೋಳ ತೆನೆಗಟ್ಟಿ ನಿಂತಿತ್ತು, ಅಂಚಿಗೆ ಕುಸುಬೆ ಹಳದಿಯಾಗಿ ಹೂಬಿಟ್ಟಿತ್ತು. ಥಂಡಿ ಗಾಳಿ ನನ್ನ ಟೊಪ್ಪಿಗೆಯ ಒಳಗೂ ನುಗ್ಗುತ್ತಿತ್ತು. ತೆಂಗಳಿಯಲ್ಲಿ ತಂಗಿದೆವು. ಬರ ಕಂಡವರು ಅಲ್ಲಿ ಒಬ್ಬಳೇ ಉಳಿದಿದ್ದಳು: ಕಾಶಮ್ಮ, ಮಡಿಚಿಟ್ಟ ಕೌದಿಯಂಥ ಮುದುಕಿ. ತಿಪ್ಪಮ್ಮ ಎಂಬ ಹೆಸರು ಕೇಳಿದ್ದೇ ಎದ್ದು ಕೂತಳು.

“ಕುರಕುಂಟಾದ ತಿಪ್ಪಮ್ಮ? ಅಕಿ ಅನ್ನ ಉಂಡ ಜೀವರೀ ಇದು! ನಮ್ಮವ್ವ ನನ್ನ ಹೊತ್ಗೊಂಡು ಅಲ್ಲೀತನಾ ನಡದಿದ್ಲು. ಊರ ಗಂಡಸ್ರೆಲ್ಲ ಹಗೇವು ತಗೀಬ್ಯಾಡ ಅಂದ್ರು. ಮೂರ ವರ್ಷದಿಂದ ಮುಚ್ಚಿದ್ದು, ಒಳಗ ಕೆಟ್ಟ ಗಾಳಿ, ಇಳದವ್ರು ಸಾಯ್ತಾರ ಅಂತ. ಅಕಿ ದೀಪ ಇಳಿಬಿಟ್ಟು ನೋಡಿದ್ಲು, ಸೀರಿ ಕಚ್ಚಿ ಹಾಕಿ ತಾನೇ ಇಳದ್ಲು. ಮ್ಯಾಲ ನಿಂತಾಂವ ಅಕಿ ಮೈದುನ. ಹಗ್ಗ ಹಿಡಿಲಿಕ್ಕೂ ಅವನ ಕೈ ನಡಗತಿದ್ವು.”

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ನಾನು ‘ಪವಾಡ’ದ ಕೆಳಗೆ ಬರೆದುಕೊಂಡೆ: ಶಿ ವೆಂಟ್ ಡೌನ್ ಫಸ್ಟ್.

ಕಾಶಮ್ಮ ಇನ್ನೊಂದು ಹೇಳಿದಳು. ಗಂಡ ಸತ್ತ ಮೇಲೆ ಬಿತ್ತಲು ಯಾವ ಆಳೂ ಬಾರದಿದ್ದಾಗ ತಿಪ್ಪಮ್ಮ ತಾನೇ ಕೂರಿಗೆ ಹಿಡಿದಳಂತೆ. ಹೆಂಗಸು ಬೀಜ ಹಾಕಬಹುದು, ಕೂರಿಗೆ ಹಿಡಿಯಬಾರದು. ಹಿಡಿದದ್ದಕ್ಕೇ ಮಳೆ ಹೋಯಿತು, ಬರ ಬಂತು ಎಂದು ಮೈದುನ ಚಾವಡಿಯಲ್ಲಿ ಕೂತು ಹೇಳಿದನಂತೆ. ಅವಳ ಜೋಳದ ರೊಟ್ಟಿ ತಿಂದು ಬಾಯಿ ಒರೆಸಿಕೊಂಡು ಹೇಳಿದನಂತೆ. ಆಯಿ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು.

ಚಿಂಚೋಳಿ ಹಾದಿಯ ಹುಣಸೆ ತೋಪಿನಲ್ಲಿ ಆ ತವರುಮನೆಯ ಹೆಳವ ಸಿಕ್ಕ. ಸಾಯಬಣ್ಣ, ಎಂಬತ್ತು ದಾಟಿದವನು. ಅವನಷ್ಟೇ ಮುದಿಯಾದ ಬಿಳಿ ಎತ್ತು. ನನ್ನನ್ನು ನೋಡಿ, “ಈ ಪೋರ ಯಾರು?” ಎಂದ.

“ಪೋರ ಅಲ್ಲೋ ಯಪ್ಪಾ, ಪೋರಿ. ಬ್ಯಾನಿ ಬಂದು ಕೂದಲ ಹೋಗ್ಯಾವ,” ಎಂದಳು ಆಯಿ. “ಇಕಿ ಹುಟ್ಟಿದ್ದು ಖರೇನೋ ಸುಳ್ಳೋ ಅಂತ ಕೇಳ್ಲಿಕ್ಕಿ ಬಂದೀನಿ.”

ಅವನು ಎಲ್ಲ ಕೇಳಿಸಿಕೊಂಡ. ಆದರೆ ಅಲ್ಲೇ ಹೇಳಲು ಒಪ್ಪಲಿಲ್ಲ. ಹೊಸ್ತಿಲ ಮುಂದೆ ನಿಂತೇ ಹೇಳಬೇಕು, ಅದು ಅವರ ನೇಮ. “ಆ ಮನಿ ಬಿದ್ದು ಮೂವತ್ತ ವರ್ಷ ಆತವ್ವ,” ಎಂದ. “ಹೊಸ್ತಿಲ ಅದ ಏನು?” ಎಂದಳು ಆಯಿ. “ಕಲ್ಲಿಂದದ. ಇರ್ಬೇಕು.” “ನಡಿ ಹಂಗಾದ್ರ.”

ಹೊಸ್ತಿಲೊಂದೇ ಇತ್ತು. ಸುತ್ತ ಕಾರೆಮುಳ್ಳು, ಒಳಗೆ ನಾಲ್ಕು ಮೇಕೆ. ಸಾಯಬಣ್ಣ ಎತ್ತನ್ನು ಹೊಸ್ತಿಲ ಮುಂದೆ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಯಾರೂ ಇಲ್ಲದ ಮನೆಗೆ ಗಂಟೆ ಬಾರಿಸಿದ. ಠಣ್. ಮೂರು ಉಸಿರು. ಠಣ್. ಮೇಕೆಗಳು ತಲೆ ಎತ್ತಿ ನೋಡಿದವು. ಆಮೇಲೆ ಅವನ ದನಿ ಬಂತು. ಎಂಬತ್ತರ ದನಿಯಲ್ಲ ಅದು.

“ನಿಂತರೂ ಮನಿ, ಬಿದ್ದರೂ ಮನಿ, ಕೇಳ್ರಿ. ಮೂರು ಕೂಸು ಮಣ್ಣಿಗೋದ ಮ್ಯಾಲ ನಾಲ್ಕನೇದು ಉಳೀಲಂತ ತಿಪ್ಪಿ ಮ್ಯಾಲ ಹೊಳ್ಳಾಡ್ಸಿ ಹೆಸರಿಟ್ಟ ಮಗಳು ತಿಪ್ಪಮ್ಮ. ಕುರಕುಂಟಾಕ ಕೊಟ್ಟ ಮಗಳು ತಿಪ್ಪಮ್ಮ. ಚೊಚ್ಚಲ ಬಸರಾಗಿ ಹೊಳ್ಳಿ ಬಂದಾಕಿ ತಿಪ್ಪಮ್ಮ. ತೊಗರಿ ಹೂಬಿಟ್ಟಾಗ ಈ ಹೊಸ್ತಿಲ ಒಳಗ ಹಡದದ್ದು ಹೆಣ್ಣು, ಹೆಸರು ಈರಮ್ಮ. ತೊಟ್ಟಿಲ ಕೊಟ್ಟಾರ, ಕಂದು ಆಕಳ ಕೊಟ್ಟಾರ, ಆಕಳ ಕೊಳ್ಳಿಗಿ ಹಿತ್ತಾಳಿ ಗಂಟಿ ಕೊಟ್ಟು ಕಳಿಸ್ಯಾರ…”

ನನ್ನ ಪೆನ್ಸಿಲ್ಲಿನ ಮೊನೆ ಮುರಿಯಿತು. ಆಯಿ ನಿಂತಲ್ಲೇ ಕೂತುಬಿಟ್ಟಳು. ಆ ಗಂಟೆ ನಮ್ಮ ಮನೆಯ ದನದ ಹಕ್ಕೆಯಲ್ಲಿ ಗೂಟಕ್ಕೆ ತೂಗುತ್ತಿತ್ತು. ಎಲ್ಲಿಂದ ಬಂದದ್ದೆಂದು ಅವಳಿಗೂ ಗೊತ್ತಿರಲಿಲ್ಲ. ಅವ್ವ ಇಟ್ಟದ್ದು, ಅಷ್ಟೇ. ಅವಳು ಅಳಲಿಲ್ಲ. ಗಾಡಿಯಿಂದ ಮೊರ ತರಿಸಿ, ನಾವು ಉಣ್ಣಲು ತಂದಿದ್ದ ಜೋಳವನ್ನೆಲ್ಲ ಅದಕ್ಕೆ ಸುರಿದು, ಎದ್ದು ಸಾಯಬಣ್ಣನ ಜೋಳಿಗೆಗೆ ಹಾಕಿದಳು. ಅರವತ್ತು ವರ್ಷದಲ್ಲಿ ಮೊದಲ ಸಲ.

“ಇನ್ನೊಂದ್ ಸಲ ಹೇಳ್ಬೇಕು ನೀ,” ಎಂದಳು. “ಕುರಕುಂಟಾದಾಗ. ನಾ ಹೇಳಿದ ದಿವಸ.”

“ಬ್ಯಾರೆ ಹೆಳವನ ಮನಿ ಅದು…” ಎಂದು ಜೋಳಿಗೆಯ ಬಾಯಿ ಕಟ್ಟಿದ. “ಮಗಳನ್ನ ಕೊಟ್ಟ ಹೊಸ್ತಿಲಿಗೆ ನಮಗೂ ಒಂದ್ ಸಲ ಹಕ್ಕದ. ಬರ್ತೀನಿ ತಗೋ.”

ದಿನವನ್ನು ಆಯಿ ಆರಿಸಿದ ರೀತಿ ನೋಡಬೇಕಿತ್ತು ನೀವು. ಜೋಳದ ರಾಶಿ ಮುಗಿದಿತ್ತು. ಚಿತ್ತಾಪುರದ ಒಂದು ದೊಡ್ಡ ಕುಳ ಕಮಲಾಳನ್ನು ನೋಡಲು ಬರುವುದಿತ್ತು. ಅಂಥ ದಿನ ಹೆಳವನನ್ನು ಕರೆಸಿ, ಬೀಗರ ಮುಂದೆ ವಂಶ ಹೇಳಿಸುವುದು ರೂಢಿ. ಬಸವಂತರಾಯ ತನ್ನ ಹೆಳವ ಭೀಮಣ್ಣನಿಗೆ ಹೇಳಿಕಳಿಸಿದ್ದ. ಅದು ನಮಗೆ ಗೊತ್ತಾದದ್ದು ನನ್ನಿಂದ. ನನಗೆ ಹೇಳಿದವಳು ಕಮಲಾ, ಹುಣಸೆಹಣ್ಣು ಚೀಪುತ್ತ, ನಾಚಿಕೊಂಡು. ನಾನು ಓಡಿಹೋಗಿ ಆಯಿಗೆ ಹೇಳಿದೆ. ಗೊತ್ತಿದ್ದೇ ಹೇಳಿದೆ.

ಆ ದಿನ ಬೆಳಿಗ್ಗೆ ದೊಡ್ಡ ಮನೆಯ ಕಟ್ಟೆಯ ಮೇಲೆ ಚಿತ್ತಾಪುರದವರು ಕೂತಿದ್ದರು. ಓಣಿ ತುಂಬ ಜನ. ಭೀಮಣ್ಣ ಹೇಳುತ್ತ ಬಂದು, “ತಿಪ್ಪಮ್ಮ, ಮಕ್ಕಳಿಲ್ಲದೆ ತೀರಿದಳು,” ಎಂದ. ಆಗ ಓಣಿಯ ತುದಿಯಿಂದ ಠಣ್.

ಜನ ದಾರಿ ಬಿಟ್ಟರು. ಸಾಯಬಣ್ಣನ ಬಿಳಿ ಎತ್ತು ಬಂದು ಭೀಮಣ್ಣನ ಎತ್ತಿನ ಪಕ್ಕ ನಿಂತಿತು. ಹಿಂದೆ ಆಯಿ, ಕೈಯಲ್ಲಿ ಆ ಹಿತ್ತಾಳೆ ಗಂಟೆ. ಅವಳ ಹಿಂದೆ ಟೊಪ್ಪಿಗೆಯ ನಾನು, ಎಕ್ಸರ್‌ಸೈಜ್ ಬುಕ್ ಎದೆಗವಚಿಕೊಂಡು. ಸಾಯಬಣ್ಣ ಹೇಳಿದ. ತಿಪ್ಪೆಯಿಂದ ಹಿಡಿದು ಆಕಳ ಕೊರಳಿನ ಗಂಟೆಯ ತನಕ. ಗಂಟೆ ಎಂದಾಗ ಆಯಿ ಅದನ್ನು ಒಮ್ಮೆ ಬಾರಿಸಿದಳು. ಥಿಯೇಟರ್ ಎಂದರೇನು ಎಂದು ನನಗೆ ಗೊತ್ತಾದದ್ದು ಅವತ್ತು.

“ಯಾರಂವ? ನಮ್ಮ ಹೆಳವ ಅಲ್ಲ ಇಂವ. ಹೊರಗ ಹಾಕ್ರಿ!” ಎಂದು ಬಸವಂತರಾಯ ಎದ್ದ.

ಸಾಯಬಣ್ಣ ಅವನ ಕಡೆ ನೋಡಲೇ ಇಲ್ಲ. ಭೀಮಣ್ಣನ ಕಡೆ ತಿರುಗಿದ. “ಯಾಕೋ ಭೀಮಣ್ಣ, ನಿಮ್ಮ ಮುತ್ಯಾ ಈ ಊರಿಂದ ಎಮ್ಮಿ ಹೊಡಕೊಂಡು ಬಂದದ್ದು ನಾ ಈ ಕಣ್ಣಿಲೇ ಕಂಡೀನಿ. ಹೆಳವರ ಮನ್ಯಾಗ ಎತ್ತು ಇರ್ತಾವ. ಎಮ್ಮಿ ಯಾಕ ಬಂತು? ಎಮ್ಮಿ ಮ್ಯಾಲ ಕುಂತು ಊರ ತಿರಗಾಂವ ಇದ್ನೇನು ನಿಮ್ಮ ಮುತ್ಯಾ?”

ಓಣಿ ಗೊಳ್ಳೆಂದಿತು. ಭೀಮಣ್ಣ ತಲೆ ತಗ್ಗಿಸಿದ. “ನನಗ ನಮ್ಮಪ್ಪ ಕಲಿಸಿದ್ದು ನಾ ಹೇಳ್ದೆ ಕಾಕಾ. ಎಮ್ಮಿ ಕೊಟ್ಟಿದ್ರಂತ, ಹೆಸರು ಮರೀಲಿಕ್ಕಿ. ಗುರುಲಿಂಗಪ್ಪನವ್ರು. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತದ.”

ಕಟ್ಟೆಯ ಮೇಲೆ ಚಿತ್ತಾಪುರದ ಒಬ್ಬ ಹಿರಿಯ ಮುದುಕಿ, ಹುಡುಗನ ಸೋದರತ್ತೆ, ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

ಬಸವಂತರಾಯ ಮೆಟ್ಟಿಲಿಳಿದು ಬಂದ. ದನಿ ತಗ್ಗಿಸಿದ. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಶ‌ಬ್ದ ಅವನ ಬಾಯಿಂದ ಬಂತು. “ತಂಗಿ, ಬೀಗರ ಮುಂದ ಇದೇನು? ಏನ್ ಬೇಕು ನಿನಗ? ಹೊಲ ಬೇಕೇನು?”

“ಹೊಲ ನಿನ್ನಲ್ಲೇ ಇರ್ಲಿ ಅಣ್ಣಾ. ನಾ ಎಲ್ಲಿ ಬಿತ್ಲಿ ಈ ವಯಸ್ಸಿನಾಗ? ಭೀಮಣ್ಣ ಹೊಳ್ಳಿ ಹೇಳ್ಲಿ. ತಿಪ್ಪಮ್ಮನ ಮಗಳು ಈರಮ್ಮ, ಈರಮ್ಮನ ಮಗಳು ಶರಣಮ್ಮ ಅಂತ. ನೀ ನಿನ್ನ ಕೈಲೇ ಮೊರ ತಂದು ಹಾಕು.”

“ಆತು. ಹೇಳೋ ಭೀಮಣ್ಣ,” ಎಂದ, ಹಲ್ಲು ಕಚ್ಚಿ.

“ತಡಿ,” ಎಂದಳು ಆಯಿ. “ಗುರುಲಿಂಗಪ್ಪನ ಹೆಸರು ಬಂದಾಗ ಬರೇ ಗುರುಲಿಂಗಪ್ಪ ಅನಬ್ಯಾಡೋ ಭೀಮಣ್ಣ. ಎಮ್ಮಿ ಕೊಟ್ಟ ಗುರುಲಿಂಗಪ್ಪ ಅನ್ನು. ಅವರು ನಮ್ಮ ಹೆಸರು ಅಳಿಸಿದ್ರು. ನಾವು ಅಳಸೂ ಮಂದಿ ಅಲ್ಲಪ್ಪ. ಕೂಡಸೂ ಮಂದಿ.”

ಬಸವಂತರಾಯ ಹಾಗೆಯೇ ನಿಂತಿದ್ದ. ಜೋಳ ಹಾಕಿದರೆ ಎಮ್ಮೆ ಮನೆತನಕ್ಕೆ ಗಂಟುಬೀಳುತ್ತದೆ. ಹಾಕದಿದ್ದರೆ, ಮಗಳನ್ನು ನೋಡಲು ಬಂದವರ ಕಣ್ಣೆದುರು, ಹೆಳವ ಬಿಟ್ಟ ಮನೆ. ಆ ಎಲೆಯಡಿಕೆ ಮುದುಕಿ ಕಟ್ಟೆಯ ಮೇಲಿಂದ, “ಯಾಕ್ರಿ ಬೀಗರ, ಜೋಳ ತರವಲ್ರಿ?” ಎಂದು ಕೇಳಿದಳು. ಪುಣ್ಯಾತ್ಗಿತ್ತಿ, ನಿಜವಾಗಿಯೂ ಸುಮ್ಮನೆ ಕೇಳಿದಳೋ, ಗೊತ್ತಿದ್ದು ಕೇಳಿದಳೋ, ನನಗಿನ್ನೂ ತಿಳಿದಿಲ್ಲ.

ಭೀಮಣ್ಣ ಹೇಳಿದ. ಎಮ್ಮಿ ಕೊಟ್ಟ ಗುರುಲಿಂಗಪ್ಪ. ಗುರುಲಿಂಗಪ್ಪನ ಅತ್ತಿಗಿ ತಿಪ್ಪಮ್ಮ. ತಿಪ್ಪಮ್ಮನ ಮಗಳು ಈರಮ್ಮ. ಈರಮ್ಮನ ಮಗಳು ಶರಣಮ್ಮ. ಬಸವಂತರಾಯ ಮೊರ ಹಿಡಿದು ಹೊರಗೆ ಬಂದ. ಜೋಳ ಸುರಿಯುವಾಗ ಅವನ ಕೈ ನಡುಗಿ ಒಂದಷ್ಟು ಕಾಳು ಫರಸಿಯ ಮೇಲೆ ಚೆಲ್ಲಿ ಟಣಟಣ ಸಿಡಿದವು. ತೆಂಗಳಿಯ ಕಾಶಮ್ಮ ಹೇಳಿದ್ದ ಆ ಹಗ್ಗ ಹಿಡಿದ ಕೈ ನನಗೆ ನೆನಪಾಯಿತು.

ಕಮಲಾಳ ಸಂಬಂಧ ಮುರಿಯಲಿಲ್ಲ, ಮದುವೆ ಆಯಿತು. ಆದರೆ ಚಿತ್ತಾಪುರದಲ್ಲಿ ಅವಳನ್ನು ಕೊನೆಯ ತನಕ ‘ಎಮ್ಮೀ ಮನಿ ಸೊಸಿ’ ಎಂದೇ ಕರೆದರಂತೆ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ ಅವಳು. ಈ ಗ್ಲಾಸಿ ಪುಸ್ತಕ ಮಾಡಿದವನು ಅವಳ ಅಣ್ಣನ ಮೊಮ್ಮಗ. ಗಿಲ್ಟ್ ಇಲ್ಲವೇ ನಿಮಗೆ, ಎಂದು ನನ್ನ ಮಗಳು ಕೇಳುತ್ತಾಳೆ. ಹುಣಸೆಹಣ್ಣು ಕಂಡಾಗ ಸ್ವಲ್ಪ ಇರುತ್ತದೆ. ಪುಸ್ತಕದ ಆ ಪುಟ ತೆರೆದರೆ ಹೋಗಿಬಿಡುತ್ತದೆ.

ನಿಸ್ಸಂತಾನ ಎಂದು ಬರೆದ ಆ ಹುಡುಗನಿಗೆ ಒಂದು ಮಾತು. ನಿನ್ನ ಮುತ್ತಜ್ಜ ತನ್ನ ಕೈಯಾರೆ ಜೋಳ ಹಾಕಿ ಒಪ್ಪಿದ್ದಾನಪ್ಪ. ನನ್ನ ಎಕ್ಸರ್‌ಸೈಜ್ ಬುಕ್ಕಿನಲ್ಲಿದೆ, ನೀಟಾಗಿ, ಮಾರ್ಜಿನ್ ಬಿಟ್ಟು ಬರೆದದ್ದು. ಸೆಕೆಂಡ್ ಎಡಿಶನ್ ಮಾಡುವುದಿದ್ದರೆ ಬಾ, ತೋರಿಸುತ್ತೇನೆ. ಎಮ್ಮೆಯ ಚಿತ್ರ ಬೇಕಾದರೆ ನಾನೇ ಬರೆದುಕೊಡುತ್ತೇನೆ. ಕಾನ್ವೆಂಟಿನಲ್ಲಿ ಡ್ರಾಯಿಂಗಿಗೆ ಪ್ರೈಜ್ ಬಂದಿತ್ತು ನನಗೆ.

ಜೂನಿನಲ್ಲಿ, ತಲೆಯ ಮೇಲೆ ಎರಡು ಬೆರಳು ಕೂದಲು ಬಂದ ಮೇಲೆ, ನಾನು ಕಾನ್ವೆಂಟಿಗೆ ಮರಳಿದೆ. ಮುಂದಿನದು ಗದ್ದಲದ ಕಾಲ. ಆಯಿ ಮರುವರ್ಷ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಕಾಗದ ನನಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಮಹಬೂಬ್ ಚಾಚಾ ಆಮೇಲೆ ಏನಾದನೋ, ಎಲ್ಲಿ ಹೋದನೋ, ಎಷ್ಟು ವಿಚಾರಿಸಿದರೂ ಗೊತ್ತಾಗಲಿಲ್ಲ. ಹಾಗಾಗಿ ಅವರಿಬ್ಬರನ್ನೂ ನಾನು ಕೊನೆಗೆ ನೋಡಿದ್ದು ಆ ಜೂನಿನಲ್ಲಿ, ಸೇಡಂ ಸ್ಟೇಷನ್ನಿನಲ್ಲಿ.

ಚಾಚಾ ತನ್ನ ಕಮಾನು ಗಾಡಿಯ ಹತ್ತಿರವೇ ನಿಂತು ಕೈ ಎತ್ತಿದ. ಅಪ್ಪ ವಾಡಿಯಿಂದ ನಾನು ಹತ್ತಬೇಕಾದ ರೈಲಿನಲ್ಲೇ ಬಂದು ಒಳಗೆ ಕೂತಿದ್ದರು. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಏನೋ ಸಾಮಾನು ಬಿಡಿಸಿಕೊಳ್ಳಲು ಬಂದಿದ್ದ ಬಸವಂತರಾಯ ಅಪ್ಪನನ್ನು ಕಂಡು ಕಿಟಕಿಯ ಹತ್ತಿರ ಬಂದ. ರೈಲ್ವೆ ನೌಕರ ಎಂದರೆ ಅವನಿಗೂ ಬೇಕಾದವನೇ. “ಓದಸ್ರಿ, ಭಾಳ ಓದಸ್ರಿ. ಹೆಣ್ಮಕ್ಕಳೂ ಮುಂದ ಬರ್ಬೇಕು,” ಎಂದು ನನ್ನ ಕಡೆ ಕೈತೋರಿಸಿ ದೊಡ್ಡ ಮಾತಾಡಿದ. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಆಯಿ ನಿಂತಿದ್ದಳು, ತಲೆ ತುಂಬ ಸೆರಗು, ಮುಖದಲ್ಲಿ ಏನೂ ಇಲ್ಲ. ನಾನು ಅಳಲು ಶುರುಮಾಡಿದ್ದೆ.

ಸೀಟಿ ಹಾಕಿತು. ಗಾಡಿ ಅಲುಗಿತು. ಬಸವಂತರಾಯ ಅಪ್ಪನಿಗೆ ಕೈಮುಗಿದ. ಆಗ ಅವನ ರುಮಾಲಿನ ಹಿಂದೆ ನಮ್ಮ ಆಯಿ ತನ್ನ ಎರಡೂ ಕೈಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ, ತೋರುಬೆರಳು ಬಗ್ಗಿಸಿ ಕೋಡು ಮಾಡಿದಳು. ಅವನ ಬೆನ್ನಿಗೆ ತಲೆ ತಗ್ಗಿಸಿ ಹಾಯುವಂತೆ ಮಾಡಿ, ನನ್ನ ಕಡೆ ನೋಡಿ, ಎಮ್ಮೆ ಕೂಗುವ ಹಾಗೆ ಬಾಯಿ ತೆರೆದಳು. ಸದ್ದು ಮಾಡಲಿಲ್ಲ. ನಾನು ಅಳುತ್ತಲೇ ನಕ್ಕೆ. ಅಪ್ಪ ಏನಾಯಿತೆಂದು ಕೇಳಿದರು. ಗಾಡಿ ತಿರುವಿಗೆ ಬರುವ ತನಕ ಅವಳು ಕೋಡು ಇಳಿಸಲಿಲ್ಲ.